ಸೋಮನಕಟ್ಟಿಯ ಮೇಲಿನ ಸಂಭವನೀಯತೆ

೨೦೫೭ನೇ ಇಸವಿ, ಫೆಬ್ರುವರಿ ೧೧, ಭಾನುವಾರ, ಸಂಜೆ ೭ ಗಂಟೆ ೧೪ ನಿಮಿಷ. ನೈಋತ್ಯ ದಿಕ್ಕಿನ ಆಕಾಶದಲ್ಲಿ ಒಂದು ಚುಕ್ಕೆ ಕಾಣಿಸಿಕೊಂಡು ಉತ್ತರದ ಕಡೆಗೆ ಸರಿಯತೊಡಗಿತು. ಬರಿಗಣ್ಣಿಗೆ ಕಾಣುವಷ್ಟು ಬೆಳಕು ಅದಕ್ಕಿತ್ತು. ಗದಗಿನಿಂದ ಕಾರವಾರದ ತನಕ ಆ ಹೊತ್ತಿನಲ್ಲಿ ತಲೆ ಎತ್ತಿದವರೆಲ್ಲರಿಗೂ ಅದು ಕಂಡಿರಬೇಕು, ಆದರೆ ಯಾರೂ ಎರಡನೆಯ ಸಲ ನೋಡಿರಲಾರರು. ಆಕಾಶದ ತುಂಬ ಉಪಗ್ರಹಗಳು ಇರುವೆಗಳಂತೆ ಹರಿದಾಡುವ ಕಾಲದಲ್ಲಿ ಓಡುವ ಇನ್ನೊಂದು ಚುಕ್ಕೆ ಯಾರಿಗೆ ಬೇಕು.

ಕಪ್ಪತಗುಡ್ಡದ ಸಾಲಿನ ಒಂದು ಬೋಳು ದಿಣ್ಣೆಯ ಮೇಲೆ ಇಬ್ಬರು ಮಾತ್ರ ಅದಕ್ಕಾಗಿಯೇ ಕಾದಿದ್ದರು. ಒಬ್ಬರು ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನೀಲಗಂಗಾ ಕೊಣ್ಣೂರ. ಇನ್ನೊಬ್ಬರು ಸ್ಟೇಷನ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಹುಸೇನಸಾಬ ನದಾಫ. ದೂರದರ್ಶಕದ ಕನ್ನಡಿಯನ್ನು ತಿಕ್ಕಿ ಹೊಳಪು ಕೊಟ್ಟವರು ನದಾಫರೇ.

"ಬಂತ್ರಿ ಮೇಡಮ್ಮಾರ," ಎಂದರು ನದಾಫರು. "ಹೇಳಿದ ಹೊತ್ತಿಗೆ ಬಂತು. ನಮ್ಮ ಹುಬ್ಬಳ್ಳಿ ಪ್ಯಾಸೆಂಜರ್ ಒಂದಿನ ಹಿಂಗ ಬಂದಿಲ್ಲ."

"ಮಾತ ಆಮ್ಯಾಲೆ ಕಾಕಾ. ಕ್ಯಾಮೆರಾ ನೋಡ್ರಿ."

ಆ ಚುಕ್ಕೆ ಉಪಗ್ರಹವಲ್ಲ. ನಲವತ್ತು ಮೀಟರ್ ಅಗಲದ ಒಂದು ಕಲ್ಲು. ಖಗೋಳದವರು ಅದಕ್ಕೆ ಇಟ್ಟ ಹೆಸರು ೨೦೫೭ ಸಿಕೆ೪. ಕಂಡುಹಿಡಿದು ನಾಲ್ಕು ದಿನವಾಗಿತ್ತು ಅಷ್ಟೆ. ಈ ಸಂಜೆ ಅದು ಭೂಮಿಯ ಪಕ್ಕದಲ್ಲಿ, ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ಹಾದು, ಸೂರ್ಯನ ದಿಕ್ಕಿಗೆ ಹೊರಟುಹೋಗಲಿತ್ತು. ಆಮೇಲೆ ಹಗಲಿನ ಬೆಳಕಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಮತ್ತೆ ಕಾಣುವುದು ಮೂರು ವರ್ಷದ ನಂತರ, ೨೦೬೦ರ ಫೆಬ್ರುವರಿಯಲ್ಲಿ, ಅದು ತಿರುಗಿ ಭೂಮಿಯತ್ತ ಬಂದಾಗ. ಆ ಸಲ ಅದು ಭೂಮಿಗೆ ಬಡಿಯುವ ಸಂಭವ ಮೂರು ಸಾವಿರದ ನೂರರಲ್ಲಿ ಒಂದು ಎಂದು ಗಣಿತ ಹೇಳುತ್ತಿತ್ತು. ಬಡಿದರೆ ಎಲ್ಲಿ ಎಂಬುದಕ್ಕೂ ಒಂದು ಪಟ್ಟಿ ಸಿದ್ಧವಾಗಿತ್ತು. ಅರಬ್ಬೀ ಸಮುದ್ರದಿಂದ ಹೊರಟು, ಉತ್ತರ ಕರ್ನಾಟಕವನ್ನು ಓರೆಯಾಗಿ ಸೀಳಿ, ಪೂರ್ವದ ಕಡಲಿಗೆ ಹೋಗುವ ಪಟ್ಟಿ.

ಇಂಥ ಕಲ್ಲುಗಳ ಲೆಕ್ಕದಲ್ಲಿ ಹತ್ತಿರದ ಹಾಯುವಿಕೆಯೇ ಎಲ್ಲಕ್ಕಿಂತ ಮುಖ್ಯ. ಕೇರಂ ಕಾಯಿಗೆ ಸ್ಟ್ರೈಕರ್ ಕೂದಲೆಳೆಯಷ್ಟು ಬದಿಗೆ ತಾಗಿದರೆ ಅದು ಹೋಗುವ ಮೂಲೆಯೇ ಬದಲಾಗುತ್ತದಲ್ಲ, ಭೂಮಿಯ ಸೆಳೆತವೂ ಕಲ್ಲನ್ನು ಹಾಗೆ ತಿರುಗಿಸುತ್ತದೆ. ಈ ಸಲ ಎಷ್ಟು ದೂರದಲ್ಲಿ ಹಾಯಿತು ಎಂಬುದರಲ್ಲಿ ಒಂದು ಕಿಲೋಮೀಟರ್ ಗೊತ್ತಿಲ್ಲದಿದ್ದರೆ ಮುಂದಿನ ಸಲ ಎಲ್ಲಿ ಬರುತ್ತದೆ ಎಂಬುದರಲ್ಲಿ ಸಾವಿರಾರು ಕಿಲೋಮೀಟರ್ ಗೊತ್ತಿರುವುದಿಲ್ಲ. ಈ ಸಂಜೆ ಸರಿಯಾಗಿ ಅಳೆದವರಿಗೆ ಮೂರು ವರ್ಷದ ಮುಂದಿನದು ಈಗಲೇ ತಿಳಿಯುತ್ತದೆ.

ದೊಡ್ಡ ದೂರದರ್ಶಕಗಳು ಅದನ್ನು ಅಳೆಯಲಾರವು. ಬೆಳಕು ಸಾಲದೆ ಅಲ್ಲ. ಉಪಗ್ರಹಗಳ ಗೆರೆಗಳಿಂದ ಚಿತ್ರಗಳು ಕೆಡುತ್ತವೆಂದು, ವೇಗವಾಗಿ ಓಡುವ ಪ್ರತಿಯೊಂದನ್ನೂ ಅಳಿಸಿಹಾಕುವ ಸಾಫ್ಟ್‌ವೇರನ್ನು ಎಲ್ಲ ಕಡೆ ಕೂಡಿಸಿದ್ದರು. ಹತ್ತಿರ ಬಂದ ಕಲ್ಲು ಉಪಗ್ರಹದಂತೆಯೇ ಓಡುತ್ತದೆ. ದೂರದಲ್ಲಿದ್ದಾಗ ಅದನ್ನು ಹಿಡಿದ ಯಂತ್ರಗಳೇ ಹತ್ತಿರ ಬಂದಾಗ ಅದನ್ನು ಒರೆಸಿಹಾಕುತ್ತಿದ್ದವು. ರೇಡಾರ್ ಇದ್ದ ದೇಶಗಳಿಗೆ ಆ ಹೊತ್ತಿನಲ್ಲಿ ಅದು ದಿಗಂತದ ಕೆಳಗಿತ್ತು. ಕೇರಳ, ಶ್ರೀಲಂಕಾದ ಮೇಲೆ ಮೋಡ. ಉಳಿದದ್ದು ಈ ದಿಣ್ಣೆ.

ದಿಣ್ಣೆಯ ಮೇಲೆ ಒಂದು ಸಿಮೆಂಟಿನ ಕಂಬ. ೧೯೯೮ರಲ್ಲಿ ಹೊಂಬಳ ಮಾಸ್ತರರು ಆಕಾಶ ನೋಡುವ ಈ ಹವ್ಯಾಸಿ ಬಳಗ ಕಟ್ಟಿದಾಗ ನೆಟ್ಟದ್ದು. ಅದರ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಅವರೇ ಸರ್ವೇ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದು, ಕಂಬದ ಮೈಮೇಲೆ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಮಾಸ್ತರರು ತೀರಿಕೊಂಡ ಮೇಲೆ ಅದೊಂದು ವ್ರತವೇ ಆಗಿತ್ತು. ಪ್ರತಿ ಆಯುಧಪೂಜೆಗೆ ಕಂಬಕ್ಕೆ ಸುಣ್ಣ ಬಳಿದು ಆ ಅಂಕಿಗಳನ್ನು ಮತ್ತೆ ಬರೆಯುವುದು. ಬಳಗಕ್ಕೆ ಹೊಸದಾಗಿ ಸೇರಿದವರು ಅವನ್ನು ಬಾಯಿಪಾಠ ಒಪ್ಪಿಸಬೇಕು, ಆಮೇಲೆಯೇ ಅವರಿಗೆ ಚಹಾ. ನದಾಫರು ಹದಿನೇಳರ ವಯಸ್ಸಿನಲ್ಲಿ ಒಪ್ಪಿಸಿದ್ದರು, ಈಗ ಅರವತ್ತನಾಲ್ಕರಲ್ಲಿ ಕುಂಚ ಹಿಡಿದು ಬರೆಯುವವರು ಅವರೇ.

ಕಾಲವನ್ನು ಮಾತ್ರ ಬಳಗ ಯಾರ ಮಾತಿನ ಮೇಲೂ ನಂಬುತ್ತಿರಲಿಲ್ಲ. ಕಲ್ಲು ಸೆಕೆಂಡಿಗೆ ಹತ್ತು ಕಿಲೋಮೀಟರ್ ಓಡುವಾಗ ಗಡಿಯಾರ ಸೆಕೆಂಡಿನ ನೂರನೆಯ ಒಂದು ಪಾಲು ತಪ್ಪಿದರೂ ಅಳತೆ ಹಾಳು. ಅದಕ್ಕೆಂದೇ ಉಪಗ್ರಹದಿಂದ ಸಮಯ ಪಡೆಯುವ ಒಂದು ಪೆಟ್ಟಿಗೆ ಇತ್ತು. ಅದನ್ನು ಪ್ರತಿ ಸಲ ಎರಡೆರಡು ಬಾರಿ ಪರೀಕ್ಷಿಸುತ್ತಿದ್ದರು. ಆ ಪೆಟ್ಟಿಗೆಯ ಪರದೆಯ ಕೆಳಮೂಲೆಯಲ್ಲಿ ತಾನಿರುವ ಸ್ಥಳವನ್ನೂ ಅದು ಸಣ್ಣ ಅಕ್ಷರದಲ್ಲಿ ತೋರಿಸುತ್ತಿತ್ತು. ಆ ಮೂಲೆಯನ್ನು ಯಾರೂ ಓದುತ್ತಿರಲಿಲ್ಲ. ಓದುವುದೇನಿದೆ, ಬಾಯಿಪಾಠ ಬರುತ್ತಿತ್ತಲ್ಲ.

ಚುಕ್ಕೆ ಮುಗಿಲಿನ ಅಂಚಿಗೆ ಸರಿದು ಮಂಕಾಗುವ ತನಕ ಇಬ್ಬರೂ ಅಳೆದರು.

*

ದಿಣ್ಣೆಯ ಬುಡದಲ್ಲೇ ಸೋಮನಕಟ್ಟಿ. ಮುನ್ನೂರು ಮನೆಯ ಊರು. ಅಲ್ಲಿನ ರೊಟ್ಟಿ ಕೇಂದ್ರವನ್ನು ನಡೆಸುವವಳು ನೀಲಗಂಗಾಳ ಅಕ್ಕ ಶಿವಲೀಲಾ. ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಒಲೆಗಳು. ಪ್ರತಿ ಒಲೆಯ ಮುಂದೆ ಒಬ್ಬಾಕೆ. ಬೆಳಗಿನಿಂದ ಮಧ್ಯಾಹ್ನದ ತನಕ ಜೋಳದ ರೊಟ್ಟಿ ಬಡಿಯುವ ಸದ್ದು ಊರ ಹೊರಗಿನ ರಸ್ತೆಗೂ ಕೇಳಿಸುತ್ತಿತ್ತು. ಖಡಕ್ ರೊಟ್ಟಿ ಹುಬ್ಬಳ್ಳಿ, ಬೆಳಗಾವಿ, ಪುಣೆಗೆಲ್ಲ ಹೋಗುತ್ತಿತ್ತು.

ಮರುದಿನ ನೀಲಗಂಗಾ ಹೋದಾಗ ಶೆಡ್ಡಿನ ಬಾಗಿಲಿಗೆ, ಆಕಾಶದಿಂದ ಬೀಳುವ ಕಲ್ಲುಗಳ ಅಪಾಯ ನೋಡಿಕೊಳ್ಳುವ ಸರ್ಕಾರದ ಗಗನಾಪಾಯ ಪ್ರಾಧಿಕಾರದ ನೋಟಿಸು ಅಂಟಿಸಿತ್ತು.

"ಓದು," ಎಂದಳು ಶಿವಲೀಲಾ, ಕೈಯ ಹಿಟ್ಟನ್ನು ಉದುರಿಸುತ್ತ. "ಕನ್ನಡದಾಗ ಬರದಾರ, ಆದ್ರ ಕನ್ನಡದೋರಿಗೆ ತಿಳಿಬಾರದಂಗ ಬರದಾರ."

ವಿಷಯ ಇಷ್ಟೇ. ಕಲ್ಲು ಬೀಳಬಹುದಾದ ಪಟ್ಟಿಯಲ್ಲಿ ಸೋಮನಕಟ್ಟಿ ಇದೆ. ತೊಂಬತ್ತು ದಿನದೊಳಗೆ ಆ ಸಂಭವ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕೆಳಗೆ ಇಳಿದರೆ ಸರಿ. ಇಳಿಯದಿದ್ದರೆ ಊರನ್ನು ಶಾಶ್ವತವಾಗಿ ತೆರವು ಮಾಡಲಾಗುವುದು.

"ಶಾಶ್ವತವಾಗಿ ಯಾಕ? ಕಲ್ಲು ಬರೂದು ಒಂದ ದಿನ ಅಲ್ಲ?" ಎಂದಳು ಒಲೆಯ ಮುಂದಿನ ಒಬ್ಬಾಕೆ, ರೊಟ್ಟಿ ತಿರುವುತ್ತ.

"ಒಮ್ಮೆ ಬಂದ ಕಲ್ಲು ಮತ್ತ ಬರಬಹುದಂತ."

"ಹಂಗಾದ್ರ ಬೀಗರೂ ಒಮ್ಮೆ ಬಂದ್ರ ಮತ್ತ ಬರ್ತಾರ. ಮನಿ ಬಿಟ್ಟ ಓಡಿ ಹೋಗೂದೇನು?"

ಒಲೆಗಳ ಸಾಲು ನಕ್ಕಿತು. ಶಿವಲೀಲಾ ನಗಲಿಲ್ಲ. "ಇದ ಪಟ್ಟಿ ಅರ್ಧಾ ಹುಬ್ಬಳ್ಳಿ ಶಹರದ ಮ್ಯಾಲೂ ಹೋಗೈತಂತ. ಅವರನ್ನ ಎಬ್ಬಸ್ತಾರೇನು?"

ನೀಲಗಂಗಾ ಸುಳ್ಳು ಹೇಳಲು ಹೋಗಲಿಲ್ಲ. ಪ್ರಾಧಿಕಾರದ ಕಾಯ್ದೆಗೆ ಒಂದು ಅನುಬಂಧವಿತ್ತು. ಐದು ಸಾವಿರಕ್ಕಿಂತ ಕಡಿಮೆ ಜನವಿರುವ ಊರಿಗೆ ಹತ್ತು ಸಾವಿರದಲ್ಲಿ ಒಂದು ಅಪಾಯವೂ ಸಹಿಸಲಾಗದ ಅಪಾಯ. ನಗರಕ್ಕೆ ನೂರರಲ್ಲಿ ಒಂದರ ತನಕ ಸಹಿಸಬಹುದು. ಕಾರಣವನ್ನೂ ಅಲ್ಲೇ ಬರೆದಿದ್ದರು: ಸ್ಥಳಾಂತರದ ವೆಚ್ಚ. ಅದೇ ಆಕಾಶ, ಅದೇ ಕಲ್ಲು. ಶಹರದವನ ತಲೆ ಹಳ್ಳಿಯವನ ತಲೆಗಿಂತ ನೂರು ಪಟ್ಟು ಗಟ್ಟಿ ಎಂದು ಶಾಸನಸಭೆ ತೀರ್ಮಾನಿಸಿದಂತಿತ್ತು.

ಆರು ವರ್ಷದ ಹಿಂದೆ ಬೇರೊಂದು ಜಿಲ್ಲೆಯಲ್ಲಿ ಹೀಗೆಯೇ ತೆರವಾದ ಪಟ್ಟಿಯನ್ನು ಎಲ್ಲರೂ ಬಲ್ಲರು. ಆ ಕಲ್ಲು ಬರಲೇ ಇಲ್ಲ. ಜನರೂ ತಿರುಗಿ ಹೋಗಲಿಲ್ಲ. ಈಗ ಅಲ್ಲಿ ಎತ್ತ ನೋಡಿದರತ್ತ ಸೌರಫಲಕ.

"ಕಲ್ಲು ಬೀಳೂ ಜಾಗಾದಾಗ ಗಾಜಿನ ಹಲಗಿ ಹಾಸ್ಯಾರ," ಎಂದಳು ಶಿವಲೀಲಾ. "ಮನಶ್ಯಾರು ಇರಬಾರದ ಜಾಗಾದಾಗ ಗಾಜು ಇರಬಹುದಂತ. ನೀ ಓದಿದಾಕಿ, ಇದರ ಲೆಕ್ಕಾ ಹೇಳು ನೋಡೋಣ."

"ಲೆಕ್ಕಾ ನಮ್ಮ ಹತ್ರ ಐತಿ ಅಕ್ಕಾ. ನಿನ್ನೆ ಅಳದೇವಿ. ಕಲ್ಲು ನಮ್ಮ ಕಡೆ ಬರೂದಿಲ್ಲ ಅಂತ ತೋರಿಸ್ತೀವಿ."

"ತೋರಿಸಿದ್ರ ನೋಡ್ತಾರ?"

"ನೋಡ್ಲೇಬೇಕು. ಕಾಯ್ದೆದಾಗ ಐತಿ. ನಮ್ಮ ದಿಣ್ಣಿಯಂಥಾ ನೋಂದಾಯಿತ ನೆಲೆ ಅಳದದ್ದನ್ನ ತಗೊಳ್ಳಾಕಬೇಕು."

ಆಗ ಆಕೆ ಅದನ್ನು ನಂಬಿದ್ದಳು.

*

ಅಳತೆಗಳನ್ನು ಕಳಿಸಿದ ಹನ್ನೊಂದನೆಯ ದಿನಕ್ಕೆ ಪ್ರಾಧಿಕಾರದ ಯಂತ್ರದಿಂದ ಉತ್ತರ ಬಂತು. ಅಳತೆಗಳನ್ನು ತಿರಸ್ಕರಿಸಲಾಗಿದೆ. ನೆಲೆಯ ಅಳತೆಯಲ್ಲಿ ಕ್ರಮಬದ್ಧ ದೋಷವಿದೆ, ಅಂದರೆ ಎಲ್ಲ ಅಳತೆಗಳಲ್ಲೂ ಒಂದೇ ಮೂಲದ ತಪ್ಪು, ಸುಮಾರು ಎರಡು ಆರ್ಕ್‌ಸೆಕೆಂಡು.

ಹುಣ್ಣಿಮೆಯ ಚಂದ್ರನ ಅಗಲವನ್ನು ಸಾವಿರದ ಎಂಟುನೂರು ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡು. ಕಣ್ಣಿಗೆ ಅದು ಏನೂ ಅಲ್ಲ. ಈ ಕೆಲಸದಲ್ಲಿ ಅದೊಂದು ಕಂದಕ. ಬಳಗದ ಅಳತೆಗಳು ಮಾಮೂಲಿಯಾಗಿ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ.

"ಗಡಿಯಾರ," ಎಂದರು ನದಾಫರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸುಗಳ ಡಬ್ಬಿಗಳ ನಡುವೆ ಇಬ್ಬರೂ ಪರದೆಯ ಮುಂದೆ ಕೂತಿದ್ದರು. "ಗಡಿಯಾರ ಕೈ ಕೊಟ್ಟೈತ್ರಿ."

ಲೆಕ್ಕದ ಪ್ರಕಾರ ಕಲ್ಲು ಇರಬೇಕಾದ ಜಾಗಕ್ಕೂ ತಾವು ಅಳೆದ ಜಾಗಕ್ಕೂ ಇದ್ದ ವ್ಯತ್ಯಾಸಗಳನ್ನು ನೀಲಗಂಗಾ ಒಂದೊಂದಾಗಿ ಬಾಣದ ಗುರುತಿನಲ್ಲಿ ಬರೆದಳು. ಗಡಿಯಾರ ತಪ್ಪಿದ್ದರೆ ಬಾಣಗಳೆಲ್ಲ ಕಲ್ಲು ಓಡುವ ದಾರಿಯ ಉದ್ದಕ್ಕೇ ಇರಬೇಕು. ಇವು ಅಡ್ಡಲಾಗಿಯೂ ಇದ್ದವು. ಕಲ್ಲು ದೂರವಿದ್ದಾಗ ಚಿಕ್ಕವಿದ್ದು, ಹತ್ತಿರವಾದಂತೆ ಬೆಳೆದು, ಮತ್ತೆ ದೂರವಾದಂತೆ ಕುಗ್ಗಿದ್ದವು. ಗಡಿಯಾರ ಇಂಥ ತಪ್ಪು ಮಾಡುವುದಿಲ್ಲ. ನೋಡುವವನು ತಾನು ನಿಂತ ಜಾಗವನ್ನೇ ತಪ್ಪು ಹೇಳಿದರೆ ಮಾತ್ರ ಹೀಗಾಗುತ್ತದೆ.

"ಕಾಕಾ, ಕಂಬದ ಅಂಕಿ ಮಾಸ್ತರ ಯಾವ ನಕ್ಷಾದಿಂದ ತಗೊಂಡಿದ್ರು?"

"ಸರ್ವೇ ನಕ್ಷಾ. ಅವರ ಮನ್ಯಾಗಿತ್ತು. ಯಾಕ್ರಿ?"

ಅಂದು ಮಧ್ಯಾಹ್ನವೇ ಇಬ್ಬರೂ ದಿಣ್ಣೆ ಹತ್ತಿದರು. ನೀಲಗಂಗಾ ತನ್ನ ಫೋನಿನಲ್ಲಿ ಕಂಬದ ಮೇಲಿನ ಅಂಕಿಗಳನ್ನು ಹಾಕಿ, ಅದು ತೋರಿಸಿದ ಕಡೆಗೆ ನಡೆದಳು. ಫೋನು ಆಕೆಯನ್ನು ಕಂಬದಿಂದ ದೂರ, ಆಗ್ನೇಯಕ್ಕೆ, ಇಳಿಜಾರಿನಲ್ಲಿ ಕರೆದೊಯ್ದು ಒಂದು ಕಾರೆಮುಳ್ಳಿನ ಪೊದೆಯ ಹತ್ತಿರ ನಿಲ್ಲಿಸಿತು. ತಿರುಗಿ ನೋಡಿದಾಗ ಸುಣ್ಣ ಬಳಿದ ಕಂಬ ನೂರಾ ಎಪ್ಪತ್ತು ಮೀಟರ್ ಆಚೆ ಮೇಲಿತ್ತು.

ಹಳೆಯ ಸರ್ವೇ ನಕ್ಷೆಗಳು ಹತ್ತೊಂಬತ್ತನೆಯ ಶತಮಾನದವರು ಲೆಕ್ಕಹಾಕಿದ ಭೂಮಿಯ ಆಕಾರವನ್ನು ನೆಚ್ಚಿಕೊಂಡವು. ಉಪಗ್ರಹಗಳು ನೆಚ್ಚುವ ಭೂಮಿಯ ಆಕಾರ ಬೇರೆ. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹಾಕಿದರೆ ಈ ಭಾಗದಲ್ಲಿ ಅಷ್ಟು ದೂರ ಸರಿಯುತ್ತದೆ. ಮಾಸ್ತರರ ಕಾಲದಲ್ಲಿ ಕೋಟ್ಯಂತರ ಕಿಲೋಮೀಟರ್ ದೂರದ ಕಲ್ಲುಗಳನ್ನು ನೋಡುವಾಗ ನೂರಾ ಎಪ್ಪತ್ತು ಮೀಟರ್ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಇಷ್ಟು ಹತ್ತಿರದಿಂದ ಯಾವ ಕಲ್ಲೂ ಈ ದಿಣ್ಣೆಯ ಮುಂದೆ ಹಾದಿರಲಿಲ್ಲ. ಹಾಗಾಗಿ ಐವತ್ತೊಂಬತ್ತು ವರ್ಷ ಒಂದು ಬಳಗ ಮುಳ್ಳಿನ ಪೊದೆಯಲ್ಲಿ ನಿಂತು ಆಕಾಶ ನೋಡಿದೆನೆಂದು ಜಗತ್ತಿಗೆ ಹೇಳುತ್ತ ಬಂದಿತ್ತು.

ನದಾಫರು ಕಂಬಕ್ಕೆ ಬೆನ್ನು ಕೊಟ್ಟು ಕೂತರು. "ಪ್ರತಿ ವರ್ಷ ನಾನ ಬರದೇನ್ರಿ," ಎಂದರು. "ಸುಣ್ಣಾ ಬಳದು, ಅಗರಬತ್ತಿ ಹಚ್ಚಿ ಬರದೇನಿ."

"ಬರ್ರಿ ಕಾಕಾ. ಸರಿ ಜಾಗಾ ಹಾಕಿ ಮತ್ತ ಲೆಕ್ಕಾ ಮಾಡೋಣ."

ಸರಿಯಾದ ಜಾಗವನ್ನು ಹಾಕಿದೊಡನೆ ಬಾಣಗಳೆಲ್ಲ ಕುಗ್ಗಿ ಚುಕ್ಕೆಗಳಾದವು. ಅಳತೆ ಅಷ್ಟು ಚೊಕ್ಕವಾಗಿತ್ತು. ತಪ್ಪು ಜಾಗವನ್ನು ಕಲ್ಲೇ ಹಿಡಿದುಕೊಟ್ಟಿತ್ತು. ಕಲ್ಲು ಹೇಳಿದ ಜಾಗ, ಫೋನು ಹೇಳಿದ ಜಾಗ ಎರಡೂ ಒಂದೇ. ೨೦೬೦ರಲ್ಲಿ ಅದು ಬರುವ ದಾರಿ ಭೂಮಿಯಿಂದ ಬಹಳ ಆಚೆ, ಚಂದ್ರನಿಗಿಂತ ದೂರದಲ್ಲಿತ್ತು. ಸೋಮನಕಟ್ಟಿಯ ಮೇಲಿನ ಸಂಭವನೀಯತೆ ಸೊನ್ನೆ.

"ಕಂಬದ ವಿಷಯ ಹೇಳೂದ ಬ್ಯಾಡ ಅಂದ್ರ?" ಎಂದು ನದಾಫರು ಮೆಲ್ಲಗೆ ಕೇಳಿದರು. "ನಮ್ಮ ಮಾಸ್ತರ ಹೆಸರು ಕೆಡತೈತಿ."

"ಹೇಳದಿದ್ರ ಅಳತಿ ಸರಿ ಆಗೂದ ಇಲ್ಲಲ್ರಿ. ಊರು ಮಾಸ್ತರಗಿಂತ ದೊಡ್ಡದು."

ನದಾಫರು, "ಮಾಸ್ತರೂ ಅದನ್ನ ಅಂತಿದ್ರು ಬಿಡ್ರಿ," ಎಂದರು.

*

ಪ್ರಾಧಿಕಾರದ ನಿಯಂತ್ರಣ ಕೊಠಡಿ ರಾಜಧಾನಿಯ ಹೊರವಲಯದ ಒಂದು ಕಟ್ಟಡದ ಎಂಟನೆಯ ಮಹಡಿಯಲ್ಲಿತ್ತು. ನೀಲಗಂಗಾ ಶಿವಲೀಲಾಳನ್ನೂ ಕರೆದುಕೊಂಡು ಹೋದಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆಕಾಶ. ಅದರ ಮೇಲೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದಂಥ ಕಪ್ಪು ಗೆರೆಗಳು. ಉಪನಿರ್ದೇಶಕ ಡಾ. ತ್ರಿಭುವನ್ ಐವತ್ತರ ಆಸುಪಾಸಿನವರು, ಮಾತು ನಯ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

"ಕಾಫಿ ಬ್ಯಾಡ್ರಿ," ಎಂದಳು ಶಿವಲೀಲಾ. "ಊರು ಕೇಳಾಕ ಬಂದೇವಿ."

ನೀಲಗಂಗಾ ಎರಡು ಚಿತ್ರಗಳನ್ನು ಮುಂದಿಟ್ಟಳು, ತಪ್ಪು ಜಾಗ ಹಾಕಿದ್ದು ಮತ್ತು ಸರಿ ಜಾಗ ಹಾಕಿದ್ದು. ತ್ರಿಭುವನ್ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು. ಆಕೆಯನ್ನು ಆಮೇಲೆ ಹೆಚ್ಚು ಉರಿಸಿದ್ದು ಅದೇ.

"ತುಂಬಾ ಚೆನ್ನಾಗಿದೆ," ಎಂದರು. "ಪಠ್ಯಪುಸ್ತಕಕ್ಕೆ ಹಾಕೋ ಹಾಗಿದೆ. ನಿಮ್ಮ ಕಂಬ ಎಲ್ಲಿದೆ ಅಂತ ಕಲ್ಲೇ ಹೇಳ್ಬಿಟ್ಟಿದೆ."

"ಹಾಗಾದ್ರೆ ಸಂಭವ ಎಷ್ಟು ಸರ್?"

"ನಿಮ್ಮ ಅಳತೆ ತಗೊಂಡ್ರೆ, ಸೊನ್ನೆ."

"ತಗೊಳ್ಳಿ."

"ಅದು ಆಗಲ್ಲ." ಅವರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದರು. "ಸಲ್ಲಿಸಿದ ಮೇಲೆ ನೆಲೆಯ ಸ್ಥಾನ ತಿದ್ದೋ ಹಾಗಿಲ್ಲ. ನಿಯಮ ಹದಿನಾಲ್ಕು. ಯಾಕೆ ಅಂದ್ರೆ, ಲೆಕ್ಕ ಸರಿ ಬರೋವರೆಗೆ ಎಲ್ರೂ ತಂತಮ್ಮ ಕಂಬ ಸರಿಸ್ತಾ ಕೂರ್ತಾರೆ."

"ನಾವು ಸರಿಸಿಲ್ಲ. ಕಂಬ ಅಲ್ಲೇ ಇದೆ. ನಿಮ್ಮ ಸರ್ವೇಯವರನ್ನ ಕಳಿಸಿ. ಅರ್ಧ ಗಂಟೆ ಕೆಲಸ."

"ಕಳಿಸಬಹುದು. ಮರುಪರಿಶೀಲನೆಗೆ ಅರ್ಜಿ ಕೊಡಿ. ನೂರ ಎಂಬತ್ತು ದಿನದಲ್ಲಿ ಮಾಡಿಕೊಡ್ತಾರೆ."

"ತೆರವು ತೊಂಬತ್ತು ದಿನಕ್ಕೆ."

"ಅದು ಬೇರೆ ವಿಭಾಗ ಮೇಡಂ."

ಶಿವಲೀಲಾ ಅಷ್ಟೊತ್ತೂ ಗೋಡೆಯ ಪರದೆಯನ್ನೇ ನೋಡುತ್ತಿದ್ದಳು. "ಆ ಕರೀ ಗೆರಿ ಏನ್ರಿ?" ಎಂದು ಕೇಳಿದಳು.

"ಉಪಗ್ರಹಗಳು ಹೋದ ದಾರಿ. ಅಳಿಸಿರ್ತೀವಿ."

"ಆ ದಿನ ನಮ್ಮ ಕಲ್ಲೂ ಹಿಂಗ ಒಂದ ಗೆರಿ ಆಗಿರಬೇಕಲ್ರಿ."

"ಆಗಿರಬಹುದು."

"ಅಳಸಿದ್ದನ್ನ ತಗದು ನೋಡ್ರಿ. ನಮ್ಮ ತಂಗಿ ಕಂಬ ಯಾಕ ಬೇಕು? ನಿಮ್ಮ ಕಂಬ ಸರಿ ಐತಲ್ಲ."

ನೀಲಗಂಗಾ ತಿರುಗಿ ಅಕ್ಕನ ಕಡೆ ನೋಡಿದಳು. ತಾನು ಕೇಳಬೇಕೆಂದು ಕೊನೆಗೆ ಇಟ್ಟುಕೊಂಡಿದ್ದ ಪ್ರಶ್ನೆ ಅದು.

ತ್ರಿಭುವನ್ ಕುರ್ಚಿಯಲ್ಲಿ ಒರಗಿದರು. "ಅದಕ್ಕೆ ಅವಕಾಶ ಇಲ್ಲ. ಆ ಗೆರೆಗಳ ಮಾಹಿತಿ ಉಪಗ್ರಹ ಕಂಪನಿಗಳ ಸ್ವತ್ತು. ಅವರ ಉಪಗ್ರಹ ಯಾವಾಗ ಎಲ್ಲಿತ್ತು ಅಂತ ನಾವು ನೋಡೋ ಹಾಗಿಲ್ಲ. ಒಪ್ಪಂದ ಇದೆ."

"ಅಂದ್ರ ನಿಮ್ಮ ಕಣ್ಣಿಗೆ ನೀವ ಬಟ್ಟಿ ಕಟ್ಕೊಂಡು, ನಮಗ ಏನೂ ಕಾಣವಲ್ದು, ನೀವು ಊರು ಬಿಡ್ರಿ ಅಂತೀರಿ."

"ಅಮ್ಮಾ, ಹಾಗಲ್ಲ—"

"ಹಾಗೇ," ಎಂದಳು ನೀಲಗಂಗಾ. ಆಕೆಯ ದನಿ ಏರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿಗೂ ಕೇಳುವಂತೆ ಮಾತಾಡಿ ಅಭ್ಯಾಸವಾದ ದನಿ ಅದು. ಸುತ್ತಲಿನ ಮೇಜುಗಳವರು ತಲೆ ಎತ್ತಿದರು. "ಅನಿಶ್ಚಿತತೆ ಅಂದ್ರೆ ಪ್ರಯತ್ನ ಮಾಡಿಯೂ ಗೊತ್ತಾಗದೆ ಉಳಿದದ್ದು ಅಂತ ನಾನು ಮಕ್ಕಳಿಗೆ ಕಲಿಸ್ತೀನಿ ಸರ್. ಇದು ಅದಲ್ಲ. ಗೊತ್ತಾಗಬಾರದು ಅಂತ ಕಾಪಾಡಿ ಇಟ್ಕೊಂಡಿದ್ದೀರಿ. ನಿಮ್ಮ ಅಜ್ಞಾನಕ್ಕೆ ನೀವು ಬೇಲಿ ಹಾಕಿ ಕಾವಲು ಕೂತಿದ್ದೀರಿ. ಆಮೇಲೆ ಅದೇ ಬೇಲಿನ ತಗೊಂಡು ಬಂದು ನಮ್ಮೂರಿಗೆ ಹಾಕ್ತೀರಿ."

ತ್ರಿಭುವನ್ ಅವರ ನಯ ಒಂದಿಷ್ಟೂ ಕದಡಲಿಲ್ಲ. "ನೀವು ಹೇಳೋದು ಸರಿ ಇರಬಹುದು ಮೇಡಂ. ಸರಿ ಇರೋದು ಬೇರೆ, ಸ್ವೀಕಾರ ಆಗೋದು ಬೇರೆ." ಆಮೇಲೆ, ಕೆಟ್ಟ ಸುದ್ದಿಯನ್ನು ಕಾಗದದ ಕೆಲಸದಂತೆ ಹೇಳುವವರ ರೀತಿಯಲ್ಲಿ, "ಇನ್ನೊಂದು ವಿಷಯ. ನೆಲೆಯ ಸ್ಥಾನ ತಪ್ಪು ಅಂತ ನೀವೇ ಬರೆದುಕೊಟ್ಟಿರೋದ್ರಿಂದ ನಿಮ್ಮ ನೋಂದಣಿ ರದ್ದಾಗುತ್ತೆ. ಹಿಂದಿನ ಅಳತೆಗಳೂ ಹೋಗ್ತವೆ," ಎಂದರು.

ಲಿಫ್ಟಿನಲ್ಲಿ ಇಳಿಯುವಾಗ ಶಿವಲೀಲಾ ಕೇಳಿದಳು, "ಅಂವಗ ಗೊತ್ತೈತಿ ಅಲ್ಲ? ಕಲ್ಲು ಬರೂದಿಲ್ಲ ಅಂತ?"

"ಗೊತ್ತೈತಿ."

"ಗೊತ್ತಿಲ್ಲದವನ್ನ ಬೈಬಹುದಿತ್ತು," ಎಂದಳು ಆಕೆ. "ಗೊತ್ತಿದ್ದವಗ ಏನಂತ ಬೈಯೂದು?"

*

ಮೇ ತಿಂಗಳ ಎರಡನೆಯ ವಾರ ಲಾರಿಗಳು ಬಂದವು. ಪೊಲೀಸರೂ ಬಂದಿದ್ದರು, ಆದರೆ ಅವರಿಗೆ ಕೆಲಸವಿರಲಿಲ್ಲ. ಆಕಾಶದಿಂದ ಬರುವ ಸಾವಿನ ಹೆಸರು ಹೇಳಿದ ಮೇಲೆ ಮುಕ್ಕಾಲು ಊರು ತಾನಾಗಿಯೇ ಲಾರಿ ಹತ್ತಿತ್ತು. ಮಕ್ಕಳನ್ನು ಕಟ್ಟಿಕೊಂಡವರು ಹೇಗೆ ಧೈರ್ಯ ಮಾಡಿಯಾರು. ಕನ್ನಡಕದ ಅಂಗಡಿಯವರ ಮತ್ತು ಕಾಲೇಜಿನ ಮೇಡಮ್ಮಿನ ಮಾತು ಒಂದು ಕಡೆ, ಸರ್ಕಾರದ ಮೊಹರು ಇನ್ನೊಂದು ಕಡೆ. ನೀಲಗಂಗಾ ಮನೆಮನೆಗೆ ಹೋಗಿ ವಿವರಿಸಿದ್ದಳು. ಕೇಳಿಸಿಕೊಂಡವರು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮ್ಮ ಕಂಬ ತಪ್ಪಿತ್ತಂತ, ಹೌದ್ರೇನು? ಪ್ರಾಧಿಕಾರ ಆ ಸುದ್ದಿಯನ್ನು ಪತ್ರಿಕೆಗಳಿಗೆ ಚೆನ್ನಾಗಿ ಹಂಚಿತ್ತು. ತಪ್ಪನ್ನು ಒಪ್ಪಿಕೊಂಡದ್ದು ಮೊದಲ ಪುಟದಲ್ಲಿ ಬಂತು. ತಿದ್ದಿದ ಮೇಲೆ ಏನಾಯಿತು ಎಂಬುದು ಎಲ್ಲೂ ಬರಲಿಲ್ಲ.

ದಿಣ್ಣೆಯೂ ಪಟ್ಟಿಯೊಳಗೇ ಇದ್ದುದರಿಂದ ಬೇಲಿ ಅದನ್ನೂ ಸುತ್ತುವರಿಯಿತು. ದೂರದರ್ಶಕವನ್ನು ಕಳಚಿ ನದಾಫರು ಅಂಗಡಿಯ ಹಿಂದಿನ ಕೋಣೆಗೆ ತಂದಿಟ್ಟರು.

ಸೋಮನಕಟ್ಟಿಯವರಿಗೆ ಗದಗಿನ ಹೊರಗೆ, ಬೈಪಾಸಿನ ಆಚೆ, ಸಾಲುಮನೆಗಳನ್ನು ಕೊಟ್ಟರು. ಮನೆಗಳು ಕೆಟ್ಟದಾಗಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಆದರೆ ಬೆಂಕಿಯ ಅಪಾಯವೆಂದು ಕಟ್ಟಿಗೆಯ ಒಲೆ ನಿಷೇಧ. ಕರೆಂಟಿನ ಒಲೆ ಕೊಟ್ಟರು. ಅದರ ಮೇಲೆ ರೊಟ್ಟಿ ಒಂದು ಕಡೆ ಸೀಯುತ್ತಿತ್ತು, ಇನ್ನೊಂದು ಕಡೆ ಹಸಿ ಉಳಿಯುತ್ತಿತ್ತು. ಕೆಂಡವಿಲ್ಲದೆ ಉಬ್ಬುವುದು ಹೇಗೆ. ಪುಣೆಯ ಗಿರಾಕಿ ಎರಡು ತಿಂಗಳು ಸೈರಿಸಿ ಬಿಟ್ಟುಹೋದ. ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆಯ ಕಾರ್ಖಾನೆಗೆ ಹೋಗತೊಡಗಿದರು. ಮೊದಲ ವರ್ಷ ಹಬ್ಬದ ದಿನ ಕೆಲವರು ಬೇಲಿಯ ಸಂದಿಯಲ್ಲಿ ನುಸುಳಿ ಊರಿಗೆ ಹೋಗಿ ದೀಪ ಹಚ್ಚಿ ಬಂದರು. ಎರಡನೆಯ ವರ್ಷ ಕಾವಲಿನವರು ಬಂದರು. ಅದರ ಹಿಂದೆಯೇ ಸೌರಫಲಕಗಳ ಲಾರಿಗಳು.

ಒಂದು ಸಂಜೆ ಶಿವಲೀಲಾ ತಂಗಿಯ ಮುಂದೆ ಒಂದು ರೊಟ್ಟಿ ತಂದಿಟ್ಟಳು. ಅರ್ಧ ಸುಟ್ಟು, ಅರ್ಧ ಬಿಳಿಚಿಕೊಂಡಿತ್ತು.

"ತಿನ್ನು. ಇಂಥಾದನ್ನ ಪುಣೆಯವಗ ಮಾರತಿದ್ದೆ ನಾ."

ನೀಲಗಂಗಾ ಮುರಿದು ಬಾಯಿಗಿಟ್ಟಳು.

"ನೀ ಆ ಕಂಬದ ತಪ್ಪು ಮುಚ್ಚಿ ಇಟ್ಟಿದ್ರ?" ಎಂದು ಶಿವಲೀಲಾ ಕೇಳಿದಳು. ಮೂರು ವರ್ಷದಲ್ಲಿ ಅದನ್ನು ಆಕೆ ಕೇಳಿದ್ದು ಅದೇ ಮೊದಲು. "ಊರು ಉಳೀತಿತ್ತೇನು?"

"ಇಲ್ಲ. ತಪ್ಪು ಅಳತಿನ ಅವರು ಆಗ್ಲೇ ತಗದ ಒಗದಿದ್ರು."

"ಹೇಳಿದ್ರೂ ಒಗದ್ರು."

"ಹೂಂ."

"ಮತ್ತ ಎದ್ರಾಗ ತಪ್ಪಿದ್ವಿ ನಾವು?"

"ನಾವು ತಪ್ಪಿದ್ದು ನೂರಾ ಎಪ್ಪತ್ತು ಮೀಟರ್ ಅಕ್ಕಾ," ಎಂದಳು ನೀಲಗಂಗಾ. "ಅಷ್ಟ. ಉಳಿದದ್ದೆಲ್ಲಾ ಅವರದು."

ಶಿವಲೀಲಾ ಉಳಿದ ರೊಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಮುರಿದಳು. "ಇಷ್ಟು ದಿನ ನಿನ್ನ ಮ್ಯಾಲೂ ಸಿಟ್ಟಿತ್ತು ನನಗ," ಎಂದಳು. "ಅದನ್ನೂ ಅವರ ಲೆಕ್ಕಕ್ಕ ಹಾಕ್ತೀನಿ ಇನ್ನ."

*

೨೦೬೦ರ ಫೆಬ್ರುವರಿ ೧೨ರ ಸಂಜೆ ಸಾಲುಮನೆಗಳ ಕೊನೆಯ ಬಯಲಿನಲ್ಲಿ ನದಾಫರು ದೂರದರ್ಶಕವನ್ನು ಮತ್ತೆ ಕೂಡಿಸಿದರು. ನೆಲೆಯ ಸ್ಥಾನವನ್ನು ಮೂರು ಬೇರೆ ಬೇರೆ ಉಪಕರಣಗಳಿಂದ, ಮೂರು ಬೇರೆ ದಿನ ಅಳೆದಿದ್ದರು. ಎಲ್ಲೂ ಬರೆದಿರಲಿಲ್ಲ. ಯಾರಿಗೂ ಬಾಯಿಪಾಠ ಮಾಡಿಸಿರಲಿಲ್ಲ.

ಈ ಸಲ ಕಲ್ಲು ಬರಿಗಣ್ಣಿಗೆ ಕಾಣುವಂತಿರಲಿಲ್ಲ. ಪರದೆಯ ಮೇಲೆ ನಕ್ಷತ್ರಗಳ ನಡುವೆ ನಿಧಾನ ತೆವಳುವ ಒಂದು ಮಂಕು ಚುಕ್ಕೆ. ಊರಿನವರು ಇಪ್ಪತ್ತು ಮೂವತ್ತು ಜನ ಕುರ್ಚಿ, ಚಾಪೆ ತಂದು ಕೂತಿದ್ದರು. ಬಟ್ಟೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ನೇರ ಬಂದವರೂ ಇದ್ದರು.

"ಇದ ಏನು ಆ ಕಲ್ಲು?" ಎಂದಳು ಶಿವಲೀಲಾ.

"ಇದ."

"ಎಷ್ಟ ಸಣ್ಣದೈತಿ." ಆಕೆ ಪರದೆಗೆ ಮುಖ ಹತ್ತಿರ ತಂದಳು. "ನಮ್ಮವ್ವ ಜೋಳ ಹಸನ ಮಾಡುವಾಗ ಇಂಥಾವನ್ನ ಆರಿಸಿ ಬಿಸಾಕ್ತಿದ್ಲು."

ಹಿಂದೆ ಯಾರದೋ ಫೋನಿನಲ್ಲಿ ಪ್ರಾಧಿಕಾರದ ಪ್ರಕಟಣೆ ಬಂತು. ಆತ ಎದ್ದು ನಿಂತು ಗಟ್ಟಿಯಾಗಿ ಓದಿದ: "೨೦೫೭ ಸಿಕೆ೪ ಕಲ್ಲು ಭೂಮಿಯನ್ನು ಸುರಕ್ಷಿತವಾಗಿ ಹಾದುಹೋಗಿದೆ. ಪ್ರಾಧಿಕಾರವು ಸಕಾಲದಲ್ಲಿ ಕೈಗೊಂಡ ತೆರವು ಕಾರ್ಯಾಚರಣೆ ಸಂಪೂರ್ಣ ಯಶಸ್ವಿಯಾಗಿದ್ದು, ಪಟ್ಟಿಯಲ್ಲಿ ಒಂದೂ ಜೀವಹಾನಿ ಸಂಭವಿಸಿಲ್ಲ."

ಮೊದಲು ನಕ್ಕವರು ನದಾಫರು. ಆ ನಗೆ ಕೇಳಲು ಹಿತವಾಗಿರಲಿಲ್ಲ. "ಹೆಣಾ ಇಲ್ಲದ ಮನ್ಯಾಗ ಹೆಣಾ ಇಲ್ಲ ಅಂತ ಡಂಗರ ಹೊಡ್ಯಾಕತ್ತಾರ," ಎಂದರು.

"ಎಷ್ಟು ದೂರ ಹೋತು ಅಂತ ಬರದಾರೇನು?" ಎಂದು ಶಿವಲೀಲಾ ಕೇಳಿದಳು.

ಫೋನಿನವನು ಮತ್ತೊಮ್ಮೆ ಓದಿ ನೋಡಿದ. "ಇಲ್ಲಬೇ. ಸುರಕ್ಷಿತವಾಗಿ ಅಂತ ಅಷ್ಟ ಐತಿ."

ಆಕೆ ತಂಗಿಯ ಕಡೆ ತಿರುಗಿದಳು. "ನೀ ಲೆಕ್ಕಾ ಮಾಡು. ಊರಿಂದ ಎಷ್ಟು ದೂರ ಅಂತ. ಇಲ್ಲಿಂದ ಅಲ್ಲ, ಬೆಂಗಳೂರಿಂದ ಅಲ್ಲ, ಸೋಮನಕಟ್ಟಿಯಿಂದ. ಎಷ್ಟು ತಪ್ಪಿರಬಹುದು ಅನ್ನೂದನ್ನೂ ಬರಿ. ಆಮ್ಯಾಲೆ ನಿಮ್ಮ ಕಂಬ ತಪ್ಪಿತ್ತು ಅನ್ನಬಾರದು ಆ ಪ್ರಾಧಿಕಾರದ ಮಕ್ಕಳು."

ನೀಲಗಂಗಾ ಎರಡು ದಿನ ಲೆಕ್ಕ ಮಾಡಿದಳು. ಮೂರನೆಯ ದಿನ ನದಾಫರು ತಮ್ಮ ಅಂಗಡಿಯ ಹಳೆಯ ತಗಡಿನ ಫಲಕಕ್ಕೆ ಬಿಳಿ ಬಣ್ಣ ಹೊಡೆದು, ಆಕೆ ಹೇಳಿದ್ದನ್ನು ಕಪ್ಪಿನಲ್ಲಿ ಬರೆದರು. ರೊಟ್ಟಿ ಕೇಂದ್ರದ ಹೆಂಗಸರು ಅದನ್ನು ಹೊತ್ತುಕೊಂಡು ಬೇಲಿಯ ತನಕ ನಡೆದರು. ಬೇಲಿಯ ಆಚೆ, ಊರಿದ್ದ ಜಾಗದಲ್ಲಿ, ಸೌರಫಲಕಗಳ ಗಾಜು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕಾವಲುಗಾರ ಬಂದು ಓದಿದ. ಕಟ್ಟಬೇಡಿ ಎನ್ನಲಿಲ್ಲ. ಶಿವಲೀಲಾ ತಂತಿಯನ್ನು ಇಕ್ಕಳದಿಂದ ಬಿಗಿದು ತಿರುವಿದಳು.

ಸೋಮನಕಟ್ಟಿಗೂ ಕಲ್ಲಿಗೂ ನಡುವೆ ಇದ್ದ ಅತಿ ಕಡಿಮೆ ದೂರ ೮,೧೨,೪೦೦ ಕಿಲೋಮೀಟರ್. ತಪ್ಪಿದ್ದರೆ ಹೆಚ್ಚೆಂದರೆ ೯ ಕಿಲೋಮೀಟರ್.